ಆಗಬೋಟಿನ ಎಲ್ಲಕ್ಕಿಂತ ತುಟ್ಟಿ ಕೋಣೆ

“ಕಿಟಕಿ ಬೇಕೋ, ಬೇಡವೋ?”

ಮುಂಬಯಿಯ ಆಗಬೋಟ್ ಆಫೀಸಿನಲ್ಲಿ, ಎಂದರೆ ಉಗಿಹಡಗಿನ ಟಿಕೀಟು ಕೊಡುವಲ್ಲಿ, ಕೂತಿದ್ದ ಗುಮಾಸ್ತ ನನ್ನನ್ನು ಕೇಳಿದ್ದು ಇದೊಂದೇ ಪ್ರಶ್ನೆ. ಕಷ್ಟದ ಪ್ರಶ್ನೆಯೇನಲ್ಲ. ಕಾಯಿದೆ ಪುಸ್ತಕ ತೆಗೆದು ನೋಡಬೇಕಾಗಿರಲಿಲ್ಲ. ಲಿಂಗಸುಗೂರಿನ ಅದಾಲತ್ತಿನಲ್ಲಿ ಹದಿನಾರು ವರ್ಷದಿಂದ ಸಾಕ್ಷಿದಾರರಿಗೆ ಅಡ್ಡಸವಾಲು ಹಾಕಿ ಬೆವರಿಳಿಸುತ್ತ ಬಂದ ವಕೀಲ ನಾನು. ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಕೊಡಲಾರೆನೇ?

ಕೊಟ್ಟೆ. “ಬೇಡ” ಅಂದೆ.

ಆ ಒಂದು ಶಬ್ದ ತಿಂಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. (ವಾರವಾರ ಈ ಪತ್ರಿಕೆಯಲ್ಲಿ ಊರ ಮಂದಿಯ ತಪ್ಪು ಎತ್ತಿ ಆಡುವ ಈ ಮನುಷ್ಯನ ತಪ್ಪನ್ನೂ ಒಮ್ಮೆ ಕೇಳಬೇಕು ಎಂದು ನಿಮಗೆ ಅನ್ನಿಸಿದ್ದೀತು. ತಗೊಳ್ಳಿ, ಈ ವಾರ ಅದೇ.)

ಮೊದಲಿಂದ ಹೇಳುತ್ತೇನೆ.

ನನ್ನ ಹೆಂಡತಿ ನೀಲಮ್ಮ ಮಸ್ಕಿಯವಳು. ಹಳ್ಳದ ದಂಡೆಯ ಹತ್ತಿರವೇ ಅವಳ ತವರುಮನೆ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಉಸುಕು ತೋಡಿ, ಒರತೆಯ ನೀರನ್ನು ಚರಿಗೆಯಿಂದ ಗೋರಿ ಗೋರಿ ಕೊಡ ತುಂಬಿ ಬೆಳೆದವಳು. ಮಳೆಗಾಲದಲ್ಲಿ ಅದೇ ಹಳ್ಳ ಕೆಂಪಗೆ ಉಕ್ಕಿ ಬಂದರೆ ಅವಳ ಅಪ್ಪ ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ತೋರಿಸುತ್ತಿದ್ದರಂತೆ. ಈ ನೀರು ಎಲ್ಲಿಗೆ ಹೋಗ್ತೈತಿ? ಹೊಳಿಗೆ. ಹೊಳಿ ಎಲ್ಲಿಗೆ ಹೋಗ್ತೈತಿ? ಸಮುದ್ರಕ್ಕ. ಸಮುದ್ರ ಹೆಂಗಿರ್ತೈತಿ? ಆ ಪ್ರಶ್ನೆಗೆ ಅಪ್ಪನ ಹತ್ತಿರ ಉತ್ತರವಿರಲಿಲ್ಲ. ಅವರೂ ಕಂಡಿರಲಿಲ್ಲ. “ನಿನ್ನ ಗಂಡನ್ನ ಕೇಳು, ಅಂವ ತೋರಸ್ತಾನ” ಎಂದು ಪಾರಾದರಂತೆ.

ಲಗ್ನವಾದ ಹೊಸತರಲ್ಲಿ ನೀಲಮ್ಮ ಇದನ್ನು ನನಗೆ ಹೇಳಿದಳು. ನಾನೇನು ಮಾಡಿದೆ? ತಿದ್ದಿದೆ. ನಿಮ್ಮ ಹಳ್ಳ ತುಂಗಭದ್ರೆಗೆ ಸೇರುತ್ತದೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಮೂಡಣ ಸಮುದ್ರಕ್ಕೆ. ಮುಂಬಯಿ ಕಡೆಯದು ಪಡುವಣ ಸಮುದ್ರ, ಅದಕ್ಕೂ ನಿಮ್ಮ ಹಳ್ಳಕ್ಕೂ ಸಂಬಂಧವಿಲ್ಲ ಎಂದೆ. ವಕೀಲನ ಬುದ್ಧಿ.

“ನೀರು ನೀರೇ ಅಲ್ಲೇನ್ರಿ?” ಅಂದಳು.

ಈ ಹದಿನಾರು ವರ್ಷದಲ್ಲಿ ಅವಳು ನನ್ನನ್ನು ಬಂಗಾರ ಕೇಳಿಲ್ಲ. ರೇಷ್ಮೆ ಸೀರೆ ಕೇಳಿಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ಮಳೆ ಜೋರಾಗಿ ಬಂದ ದಿನ, “ಸಮುದ್ರ ಒಂದು ನೋಡಬೇಕು ನೋಡ್ರಿ” ಅನ್ನುತ್ತಿದ್ದಳು. ನಾನು “ನೋಡೂಣು” ಅನ್ನುತ್ತಿದ್ದೆ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಈಗ ಪರದೆಯ ವಿಷಯ. ಅದನ್ನು ಹೇಳದೆ ಈ ಕಥೆ ಮುಂದೆ ಸಾಗದು.

ನಮ್ಮದು ದೇಸಾಯಿಗಳ ದೇಸಗತಿ ಮನೆತನವಲ್ಲ. ನನ್ನ ಅಪ್ಪನದು ಸಿಂಧನೂರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಅವ್ವ ಅಂಗಡಿಯ ಕಟ್ಟೆಯ ಮೇಲೆ ಕೂತು ಬೆಲ್ಲ ತೂಗುತ್ತಿದ್ದಳು, ಗಿರಾಕಿಗಳ ಜೊತೆ ಜಗಳವಾಡುತ್ತಿದ್ದಳು. ಹೆಂಗಸರನ್ನು ಮರೆಯಲ್ಲಿಡುವ ಗೋಷಾ ಎಂಬುದು ನಮ್ಮ ಮನೆಯ ಹೊಸ್ತಿಲನ್ನೇ ಕಂಡಿರಲಿಲ್ಲ. ಅದು ಬಂದದ್ದು ನಾನು ಸನದು ಪಡೆದು ವಕೀಲನಾಗಿ ಲಿಂಗಸುಗೂರಿನಲ್ಲಿ ಮನೆ ಮಾಡಿದ ಮೇಲೆ. ದೊಡ್ಡ ದೊಡ್ಡ ಕಕ್ಷಿದಾರರು ಬರತೊಡಗಿದರು. ಅವರ ಮನೆಯ ಹೆಣ್ಣುಮಕ್ಕಳ ಬಂಡಿಗೆ ಪರದೆ ಇತ್ತು. ನಮ್ಮ ಬಂಡಿಗೆ ಇರಲಿಲ್ಲ. ಒಂದು ದಿನ ನಮ್ಮದಕ್ಕೂ ಕೆಂಪು ಬಟ್ಟೆ ಬಂತು. ಹಾಕು ಎಂದು ಯಾರೂ ಹೇಳಿರಲಿಲ್ಲ. ನೀಲಮ್ಮ ಮಾತ್ರ, “ಇದೇನ್ರಿ ಹೊಸಾದು?” ಎಂದು ಕೇಳಿದಳು. “ವಕೀಲರ ಮನಿ ಅಂದಮ್ಯಾಲ ಇರಬೇಕಾಗ್ತೈತಿ” ಅಂದೆ.

ಮಜಾ ಎಂದರೆ, ತವರೂರಲ್ಲಿ ಗೋಷಾ ಇಲ್ಲ. ನಮ್ಮ ಬಂಡಿ ಲಿಂಗಸುಗೂರು ಬಿಡುವಾಗ ಪರದೆ ಕೆಳಗೆ. ಮಸ್ಕಿಯ ಗುಡ್ಡ ಕಂಡ ಕೂಡಲೇ ಮೇಲೆ. ಮಸ್ಕಿಯಲ್ಲಿ ಅವಳು ಊರ ಮಗಳು. ಕೊಡ ಹೊತ್ತು ಹಳ್ಳಕ್ಕೆ ಹೋಗುತ್ತಾಳೆ, ಅಗಸಿಯ ಕಟ್ಟೆಯಲ್ಲಿ ಕೂತ ಹಿರಿಯರನ್ನು “ಏನ್ ಕಾಕಾ, ಆರಾಮ ಇದ್ದೀರಿ?” ಎಂದು ಮಾತಾಡಿಸುತ್ತಾಳೆ. ಹೊಳ್ಳಿ ಬರುವಾಗ ನಮ್ಮೂರ ಗಿಡಗಳು ಕಂಡರೆ ತಾನೇ ಕೈಯಾರೆ ಪರದೆ ಇಳಿಸುತ್ತಾಳೆ. ಮುಖ ಒಂದೇ. ನಡುವೆ ಕೆಲವು ಹರದಾರಿ ದಾರಿ. ಇದು ಯಾವ ನ್ಯಾಯ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಇಂತಿರುವಾಗ, ಈ ಸಲ ದೀಪಾವಳಿ ಮುಗಿದ ಮೇಲೆ, ನೀಲಮ್ಮನ ಸೋದರಮಾವನ ಮನೆಯಲ್ಲಿ ಲಗ್ನ ಬಂತು. ಸೋದರಮಾವ ಮುಂಬಯಿಯಲ್ಲಿ ಅರಳೆ ವ್ಯಾಪಾರಿ. ನಮ್ಮ ಕಡೆಯ ಅರಳೆ ತರಿಸಿ ಮಾರುತ್ತಾರೆ. ರಾಯಚೂರಿನಿಂದ ರೈಲು ಹಿಡಿದು ಹೋದೆವು. ಒಂದು ವಾರ ಇದ್ದೆವು.

ದಿನಾ ಸಂಜೆ ಲಗ್ನದ ಮನೆಯ ಹೆಂಗಸರು ಟಾಂಗಾ ಕಟ್ಟಿಸಿಕೊಂಡು ಸಮುದ್ರದ ದಂಡೆಗೆ ಹೋಗುತ್ತಿದ್ದರು. ಮೊದಲ ದಿನವೇ ನೀಲಮ್ಮನನ್ನು ಕರೆದರು. ಅವಳು ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿದಳು. ನಾನು ಅವಳನ್ನು ಒಳಗೆ ಕರೆದೆ.

“ಅಲ್ಲಿ ಸಾವಿರ ಮಂದಿ ಇರ್ತಾರ. ನೀ ಹೋಗಬ್ಯಾಡ.”

“ಎಲ್ಲಾರೂ ಹೊಂಟಾರಲ್ರಿ.”

“ಅವರು ಮುಂಬಯಿ ಮಂದಿ. ನೋಡು, ಹೊಳ್ಳಿ ಹೋಗೂಮುಂದ ರೈಲು ಬ್ಯಾಡ, ಆಗಬೋಟಿನಾಗ ಹೋಗೂಣು. ಕಾರವಾರದಾಗ ಇಳದು ಹುಬ್ಬಳ್ಳಿ ಮ್ಯಾಲೆ ಊರಿಗೆ. ದಾರಿ ಉದ್ದಕ್ಕೂ ಸಮುದ್ರನೇ. ಸಾಕು ಸಾಕು ಅನ್ನೂತನಕ ನೋಡು.”

ಅವಳ ಕಣ್ಣು ಅಗಲವಾದವು. “ಖರೇ ಹೇಳ್ತೀರೇನು?”

“ವಕೀಲನ ಮಾತು!”

“ಅದಕ್ಕಽ ಕೇಳಿದೆ” ಅಂದಳು.

ಚಪ್ಪಲಿ ಬಿಟ್ಟು ಒಳಗೆ ಹೋದಳು. ಆ ವಾರವಿಡೀ ಹೆಂಗಸರು ಕರೆದಾಗಲೆಲ್ಲ, “ನೀವು ಹೋಗ್ರಿ, ನಂದು ಆಗಬೋಟಿನಾಗ ಐತಿ” ಎಂದು ನಗುತ್ತಿದ್ದಳು. ಆ ನಗೆ ನೆನಪಾದರೆ ಈಗ ಸಂಕಟವಾಗುತ್ತದೆ.

ಟಿಕೀಟು ತೆಗೆಸಲು ಸೋದರಮಾವನ ಜೊತೆ ಹೋದೆ. ಗುಮಾಸ್ತ ಕಾರವಾರದ ಕಡೆಯವನು. ಕನ್ನಡ ಕೇಳಿ ಅವನ ಮುಖ ಅರಳಿತು. ಹಡಗಿನ ನಕಾಶೆಯನ್ನೇ ತಂದು ಮೇಜಿನ ಮೇಲೆ ಹಾಸಿದ. ಇದು ಮೊದಲು ಪರದೇಶಕ್ಕೆ ಹೋಗುತ್ತಿದ್ದ ದೊಡ್ಡ ಆಗಬೋಟಂತೆ. ವಯಸ್ಸಾದ ಮೇಲೆ ಕರಾವಳಿಗೆ ಹಾಕಿದ್ದಾರಂತೆ. (ಪಿಂಚಣಿ ಹತ್ತಿರ ಬಂದ ಅಧಿಕಾರಿಗಳನ್ನು ನಮ್ಮೂರಿಗೆ ಹಾಕುತ್ತಾರಲ್ಲ, ಹಾಗೆ.) ಅದಕ್ಕೇ ಅದರಲ್ಲಿ ರಾಜಮಹಾರಾಜರಿಗೆ ಒಪ್ಪುವಂಥ ಕ್ಯಾಬಿನ್ನುಗಳಿವೆ.

“ಫಸ್ಟ್ ಕ್ಲಾಸಿನಲ್ಲೇ ಮೂರು ತರ ಇದೆ ವಕೀಲರೇ” ಎಂದು ಪೆನ್ಸಿಲ್ ಹಿಡಿದ.

ಮೇಲಿನ ಅಂತಸ್ತಿನ ತುದಿಗೆ ಒಂದು ಕ್ಯಾಬಿನ್. ಎರಡು ದೊಡ್ಡ ಕಿಟಕಿ. ಬಾಗಿಲು ತೆರೆದರೆ ಕಟಾಂಜನದ ಕಂಬಿ, ಅದರಾಚೆ ಬರೀ ನೀರು. ಅದರ ಕೆಳಗಿನ ಅಂತಸ್ತಿನಲ್ಲಿ ಇನ್ನೊಂದು ಬಗೆ. ಊಟದ ತಾಟಿನಷ್ಟು ದುಂಡನೆಯ ಗಾಜಿನ ಕಿಟಕಿ ಅದಕ್ಕೆ. ಇನ್ನು ಹಡಗಿನ ನಟ್ಟನಡುವೆ ಇರುವುದು ಖಾಸಾ ಕ್ಯಾಬಿನ್. ಎರಡು ಕೋಣೆ. ಒಳಗೇ ಬಚ್ಚಲು. ನೆಲಕ್ಕೆ ಗಾಲೀಚೆ, ಆಳೆತ್ತರದ ಕನ್ನಡಿ, ಎರಡು ಬಿಜಲಿ ಪಂಖ. ಹಿಂದೊಮ್ಮೆ ಯಾರೋ ಸಂಸ್ಥಾನಿಕರು ತಮ್ಮ ಜನಾನಾದ ಹೆಂಗಸರಿಗೆಂದು ಹೇಳಿ ಮಾಡಿಸಿದ್ದಂತೆ. ಕಿಟಕಿಯೇ ಇಲ್ಲ. ಎಲ್ಲಕ್ಕಿಂತ ತುಟ್ಟಿ.

ಜನಾನಾ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ನೆಟ್ಟಗೆ ಕೂತೆ.

ಆಮೇಲೆ ಆ ಗುಮಾಸ್ತನಿಗೆ ನಾನು ಹಾಕಿದ ಸವಾಲುಗಳನ್ನು ನೀವು ಕೇಳಬೇಕಿತ್ತು. ಬಾಗಿಲ ಮುಂದೆ ಯಾರು ಓಡಾಡುತ್ತಾರೆ? ಬಟ್ಲರ್ ಒಳಗೆ ಬರುತ್ತಾನೋ, ಹೊರಗಿಂದಲೇ ಊಟ ಕೊಡುತ್ತಾನೋ? ಪಕ್ಕದ ಕೋಣೆಯಲ್ಲಿ ಯಾರಿರುತ್ತಾರೆ? ಹೊಲದ ದಾವೆಯಲ್ಲಿ ಚಕ್ಕುಬಂದಿ ನೋಡುವ ಹಾಗೆ ನಕಾಶೆಯ ಮೇಲೆ ಬೆರಳಾಡಿಸಿದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಸಾಮಾನಿನ ಕೋಣೆ, ಹಿಂದೆ ಗೋಡೆ, ಮುಂದೆ ಸಣ್ಣ ಓಣಿ. ಯಾರೂ ಇಣುಕುವಂತಿಲ್ಲ. ನನಗೆ ಬಹಳ ಖುಷಿಯಾಯಿತು.

ಗುಮಾಸ್ತನ ಪೆನ್ಸಿಲ್ ಮಾತ್ರ ತುದಿಯ ಕ್ಯಾಬಿನ್ನಿನ ಮೇಲೆಯೇ ನಿಂತಿತ್ತು.

“ನಿಮ್ಮ ಮನೆಯ ಬಾಯಿಯವರು ಸಮುದ್ರ ನೋಡಿದ್ದಾರೋ?”

“ಇಲ್ಲ.”

“ಹಾಗಿದ್ದರೆ ಇದನ್ನೇ ತಗೊಳ್ಳಿ ಮಾರಾಯರೇ. ದರವೂ ಕಡಿಮೆ. ಹೇಳಿ, ಕಿಟಕಿ ಬೇಕೋ, ಬೇಡವೋ?”

ಸೋದರಮಾವ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಕಡಿಮೆ ದರದ್ದು ಎಂದರೆ ಅವರೇನು ಅಂದುಕೊಂಡಾರು? ಕಟಾಂಜನದ ಹತ್ತಿರದ್ದು ಎಂದರೆ ಹೋಗಿ ಬರುವವರೆಲ್ಲ ವಕೀಲರ ಹೆಂಡತಿಯನ್ನು ನೋಡುತ್ತ ಹೋಗುವುದೇ? ಬೇಕಾದಾಗ ಅವಳನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಬೇಡ ಅಂದೆ. ಸೋದರಮಾವ ತಲೆದೂಗಿ, “ಇಜ್ಜತ್ ಅಂದ್ರ ಇದು” ಅಂದರು.

ಒಳಗಿದ್ದವಳು ಹೊರಗಿನವರಿಗೆ ಕಾಣುತ್ತಾಳೆಯೇ ಎಂದು ಹತ್ತು ಬಗೆಯಾಗಿ ಕೇಳಿದ್ದೆ. ಹೊರಗಿದ್ದದ್ದು ಒಳಗಿದ್ದವಳಿಗೆ ಕಾಣುತ್ತದೆಯೇ ಎಂದು ಒಂದು ಸಲವೂ ಕೇಳಲಿಲ್ಲ. ನಾವು ಆಗಬೋಟು ಹತ್ತಲು ಹೊರಟದ್ದೇ ಅದಕ್ಕಾಗಿ!

ಹೊರಡುವ ದಿನ ನೀಲಮ್ಮ ಮುಖದ ತುಂಬ ಸೆರಗು ಹೊದ್ದು ನನ್ನ ಹಿಂದೆ ಬಂದಳು. ಬಂದರಿನಲ್ಲಿ ಕಂಡದ್ದು ಗೋದಾಮುಗಳು, ಹಮಾಲರು, ಮೂಟೆಗಳು. ಹಡಗಿಗೂ ಕಟ್ಟೆಗೂ ನಡುವಿನ ಸಂದಿಯಲ್ಲಿ ಒಂದಿಷ್ಟು ಎಣ್ಣೆ ನೀರು, ಅದರ ಮೇಲೆ ಹುಲ್ಲು. ಬೇಗ ಬೇಗ ಹತ್ತಿಸಿ ಕ್ಯಾಬಿನ್ನಿಗೆ ಕರೆದೊಯ್ದೆ.

ಅವಳಿಗೂ ಮೊದಲು ಬೆರಗಾಯಿತು. ಬಿಜಲಿ ದೀಪದ ಗುಂಡಿ ಒತ್ತಿ ಒತ್ತಿ ನೋಡಿದಳು. ಕನ್ನಡಿಯಲ್ಲಿ ತನ್ನನ್ನು ತಲೆಯಿಂದ ಕಾಲಿನ ತನಕ ಮೊದಲ ಸಲ ಪೂರ್ತಿ ನೋಡಿಕೊಂಡು, “ಅಯ್ಯ, ನಾ ಇಷ್ಟು ದಪ್ಪ ಆಗೀನೇನ್ರಿ?” ಎಂದು ನಕ್ಕಳು. ಗಾಲೀಚೆಯನ್ನು ಮುಟ್ಟಿ ನೋಡಿದಳು. ಆಮೇಲೆ ನಿಂತಲ್ಲೇ ಒಂದು ಸುತ್ತು ತಿರುಗಿ ನಾಲ್ಕೂ ಗೋಡೆ ನೋಡಿದಳು.

“ಕಿಟಕಿ ಎಲ್ಲೈತ್ರಿ?”

“ಇದು ಖಾಸಾ ಕ್ಯಾಬಿನ್. ಇದಕ್ಕ ಇರೂದಿಲ್ಲ.”

“ಹೌದೇನು” ಅಂದಳು. ಮಂಚದ ತುದಿಗೆ ಕೂತಳು.

ಹಡಗು ಹೊರಟಿತು. ನಾನು ಮೇಲೆ ಹೋದೆ. ನೋಡಿ, ನಾನೂ ಅಷ್ಟು ನೀರನ್ನು ಅಲ್ಲಿಯ ತನಕ ಕಂಡವನಲ್ಲ. ಬಾಯಿ ತೆರೆದವನು ತೆರೆದಂತೆಯೇ ನಿಂತೆ. ಡೆಕ್ಕಿನ ಟಿಕೀಟಿನವರು ಬಯಲಲ್ಲೇ ಚಾಪೆ ಹಾಸಿ, ಗಂಟು ಬಿಚ್ಚಿ, ಸಂಸಾರ ಹೂಡಿದ್ದರು. ಅವರ ಹೆಂಗಸರು ಗಾಳಿಗೆ ಕೂದಲು ಹಾರಿಸಿಕೊಂಡು, ಅವಲಕ್ಕಿ ಮುಕ್ಕುತ್ತ, ಸಮುದ್ರಕ್ಕೆ ಎದುರಾಗಿ ಕೂತಿದ್ದರು. ಎಲ್ಲಕ್ಕಿಂತ ಅಗ್ಗದ ಟಿಕೀಟು ಅವರದು.

ಓಡಿ ಕೆಳಗೆ ಬಂದು ನೀಲಮ್ಮನಿಗೆ ಹೇಳಿದೆ. “ಏನ್ ನೀರು ಅಂತೀ! ಎಂಥಾ ನೀರು!”

“ಬಣ್ಣ ಹೆಂಗೈತ್ರಿ?”

“ಹಸುರು. ಅಲ್ಲ, ನೀಲಿ. ದೂರ ನೋಡಿದ್ರ ಕರ್ರಗೈತಿ.”

“ಒಂದು ಹೇಳ್ರಿ.”

“ಒಂದು ಹೇಳಾಕ ಬರಂಗಿಲ್ಲ.”

“ಆಚಿ ದಂಡಿ ಕಾಣ್ತೈತೇನು?”

“ಆಚಿ ದಂಡಿನೇ ಇಲ್ಲ!”

ಅವಳು ಗೋಡೆಗೆ ಕೈಯಿಟ್ಟಳು. “ಗ್ವಾಡಿ ಗಡಗಡ ನಡಗಾಕತ್ತೈತಿ. ಇದರಾಚಿಗೇ ಐತೇನ್ರಿ ನೀರು?” ಎಂದು ಕೇಳಿದಳು. ಆಚೆಗೆ ಸಾಮಾನಿನ ಕೋಣೆ ಇತ್ತು. ನಾನು ಹೌದು ಅಂದೆ.

“ನಾ ಒಂದು ಸಲ ಬಂದು ನೋಡಿ ಹೊಳ್ಳಿ ಬರ್ಲೇನ್ರಿ? ಮುಖ ಪೂರಾ ಮುಚಗೊಂಡು ಬರ್ತೀನಿ.”

ಬಾ ಅನ್ನಬೇಕೆಂದು ಬಾಯಿ ತೆರೆದಿದ್ದೆ. ಆದರೆ ಮೇಲೆ ಆಗಲೇ ಒಂದು ಮುಖ ಕಂಡು ಬಂದಿದ್ದೆ. ನಮ್ಮ ಅದಾಲತ್ತಿನ ಮುನ್ಸೀಫ್ ಸಾಹೇಬರದು! ನಾನು ದಿನಾ ಕೈಕಟ್ಟಿ ಮುಂದೆ ನಿಲ್ಲುವ ನ್ಯಾಯಾಧೀಶರು ರಜೆಯ ಮೇಲೆ ಅದೇ ಆಗಬೋಟಿನಲ್ಲಿ ಹೊರಟಿದ್ದರು. ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತು, “ಅರೇ ವಕೀಲ್ ಸಾಬ್, ನೀವೂ ಇಲ್ಲಿ?” ಎಂದು ಮಾತಾಡಿಸಿದ್ದರು. ಹೈದರಾಬಾದಿನ ಖಾನದಾನಿ ಮನೆತನದವರು. ಅವರ ಕುಟುಂಬದವರು ಎಲ್ಲೂ ಕಾಣಲಿಲ್ಲ. ಒಳಗೆ ಗೋಷಾದಲ್ಲಿ ಇದ್ದಾರೆ ಎಂದುಕೊಂಡೆ. ಅಂಥವರ ಎದುರು ನನ್ನ ಹೆಂಡತಿಯನ್ನು ಡೆಕ್ಕಿನ ಮೇಲೆ ನಡೆಸುವುದೇ?

“ಮುನ್ಸೀಫ್ ಸಾಹೇಬರು ಕುಂತಾರ. ಅವರು ಎದ್ದಮ್ಯಾಲ ಕರೀತೀನಿ” ಅಂದೆ.

ಮಧ್ಯಾಹ್ನವಾಯಿತು. ಸಾಹೇಬರು ಏಳಲಿಲ್ಲ. ಸಂಜೆಗೆ ಅಂದೆ. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಹಡಗಿಗೆ ಹಡಗೇ ಮೇಲೆ ಬಂದು ಸೇರಿತ್ತು. ನಾಳೆ ಮುಂಜಾನೆ ಅಂದೆ. ಅದಾಲತ್ತಿನಲ್ಲಿ ತಾರೀಖಿನ ಮೇಲೆ ತಾರೀಖು ಕೇಳಿ ದಾವೆ ಮುಂದೂಡುವ ಚಟ ನನಗೆ. ಹೆಂಡತಿಯ ಹತ್ತಿರವೂ ಅದನ್ನೇ ಮಾಡಿದೆ. ಪ್ರತಿ ಸಲವೂ ಅವಳು, “ಹೂಂ, ಆತು” ಎನ್ನುತ್ತಿದ್ದಳು. ನಾನು ಮೇಲಿನ ಸುದ್ದಿ ಹೇಳುತ್ತಿದ್ದೆ. ನೀರಿನಿಂದ ಮೀನು ಜಿಗಿಯಿತು, ಬಿಳಿ ಹಕ್ಕಿಗಳು ಹಡಗಿನ ಬೆನ್ನು ಹತ್ತಿವೆ, ಸೂರ್ಯ ಹೀಗೆ ಮುಳುಗಿದ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ನೋಡಲು ಬಂದವಳನ್ನು ಕೇಳಲು ಕೂಡಿಸಿದೆ.

ಮುಂಜಾನೆ ಬೆಳಕು ಹರಿಯುವ ಹೊತ್ತಿಗೆ ಎದ್ದು ಮೇಲೆ ಹೋಗಿ ನೋಡಿದೆ. ಸಾಹೇಬರ ಕುರ್ಚಿ ಖಾಲಿ! ದಡದಡ ಇಳಿದು ಬಂದು, “ನೀಲಮ್ಮಾ, ಏಳು, ಈಗ ಬಾ” ಅಂದೆ. ಅವಳು ತಾಮ್ರದ ಚರಿಗೆಯನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತಿದ್ದಳು. ಗಾಳಿಯಾಡದ ಕೋಣೆ, ಹಡಗಿನ ತುಯ್ದಾಟ. ಆಗಲೇ ನಾಲ್ಕು ಸಲ ವಾಂತಿಯಾಗಿತ್ತು. ಎದ್ದು ನಿಲ್ಲಲು ನೋಡಿದಳು. ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟಳು. ಮತ್ತೆ ಕೂತುಬಿಟ್ಟಳು.

“ಏಳಾಕ ಆಗವಲ್ದು. ನಿನ್ನೆ ಕರದಿದ್ರ ಬರ್ತಿದ್ನಿ ನೋಡ್ರಿ” ಅಂದಳು.

ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಇನ್ನೂ ಚುಚ್ಚುತ್ತದೆ.

ಇಷ್ಟಾದರೂ ನನ್ನನ್ನು ಕ್ಷಮಿಸಬಹುದಿತ್ತು. ಕಾರವಾರ ಬಾಕಿ ಇತ್ತಲ್ಲ.

ಕಾರವಾರದಲ್ಲಿ ಆಗಬೋಟು ದಂಡೆಯ ತನಕ ಹೋಗುವುದಿಲ್ಲ. ದೂರ ನಿಲ್ಲುತ್ತದೆ. ದೋಣಿಯಲ್ಲಿ ಇಳಿದು ಹೋಗಬೇಕು. ಮಧ್ಯಾಹ್ನದ ಮುಂಚಿನ ಹೊತ್ತು. ಹಡಗು ನಿಂತಿದ್ದರಿಂದ ನೀಲಮ್ಮನಿಗೆ ಜೀವ ಬಂದಿತ್ತು. ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ನನ್ನ ಕೈ ಹಿಡಿದು ದೋಣಿಗೆ ಇಳಿದಳು. ಸೆರಗು ಸರಿಸಿ ಒಮ್ಮೆ ತಲೆಯೆತ್ತುವವಳಿದ್ದಳು. ಅಷ್ಟರಲ್ಲಿ ನಮ್ಮ ದೋಣಿಗೇ ಮುನ್ಸೀಫ್ ಸಾಹೇಬರು ಇಳಿದರು. ನಾನು ಛತ್ರಿ ಬಿಚ್ಚಿ ನೀಲಮ್ಮನ ಮುಖದ ಮುಂದೆ ಅಡ್ಡ ಹಿಡಿದೆ.

ಸಾಹೇಬರ ಹಿಂದೆಯೇ ಅವರ ಹೆಂಡತಿ ಇಳಿದರು. ಬುರ್ಖಾ ಇಲ್ಲ, ಸೆರಗು ಹೆಗಲ ಮೇಲೆ. ಗಾಳಿಗೆ ಹಾರಿದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ಆ ತಾಯಿ ದೋಣಿಯ ಅಂಚಿಗೆ ಕೂತು, ಕೈ ಇಳಿಬಿಟ್ಟು ನೀರು ಮುಟ್ಟಿದರು. ತುದಿಯ ಕ್ಯಾಬಿನ್ ಅವರದಂತೆ. ಎರಡು ದಿನ ಕಿಟಕಿ ಮುಚ್ಚಲೇ ಇಲ್ಲವಂತೆ. ಸಾಹೇಬರು ನನ್ನ ಕಡೆ ನೋಡಿ ನಕ್ಕರು.

“ಬಿಸಿಲೇ ಇಲ್ಲವಲ್ಲ ವಕೀಲ್ ಸಾಬ್. ಛತ್ರಿ ಯಾಕೆ?”

“ಆಕೀಗೆ ತಲೆನೋವು ಸಾಹೇಬ್” ಅಂದೆ. ಮುನ್ಸೀಫರ ಎದುರು ನಾನು ನುಡಿದ ಸುಳ್ಳು ಸಾಕ್ಷಿ ಅದು.

ಆಗಲಾದರೂ ಛತ್ರಿ ಇಳಿಸಬಹುದಿತ್ತು. ಯಾರಿಗೆ ಅಂಜಿದ್ದೆನೋ ಅವರ ಹೆಂಡತಿಯೇ ಎದುರಿಗೆ ಮುಖ ತೆರೆದು ಕೂತಿದ್ದರು. ದಂಡೆ ಇನ್ನೂ ದೂರವಿತ್ತು. ಇಳಿಸಲಿಲ್ಲ. ಯಾಕೆ ಗೊತ್ತೇ? ಇಳಿಸಿದರೆ ಎರಡು ದಿನ ನಾನು ಮಾಡಿದ್ದೆಲ್ಲ ತಪ್ಪು ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಗೋಷಾ ಅಲ್ಲ, ಇಜ್ಜತ್ತಲ್ಲ, ಬರೀ ಹಟ. ಕೈ ನೋಯುತ್ತಿದ್ದರೂ ದಂಡೆ ಮುಟ್ಟುವ ತನಕ ಛತ್ರಿ ಹಿಡಿದೇ ಇದ್ದೆ. ದಂಡೆಯಲ್ಲಿ ಮುಚ್ಚಿದ ಮೋಟಾರು ಕಾದಿತ್ತು. ಹತ್ತಿದೆವು. ಹುಬ್ಬಳ್ಳಿ, ಗದಗು, ಕೊಪ್ಪಳ, ಊರು.

ಇದು ಈ ಒಬ್ಬ ವಕೀಲನ ಹುಚ್ಚು ಎಂದು ನೀವು ನಗುತ್ತಿದ್ದರೆ ಸ್ವಲ್ಪ ತಡೆಯಿರಿ. ಗುರುಗುಂಟಾ ಕಡೆಯ ನನ್ನ ಕಕ್ಷಿದಾರರೊಬ್ಬರು ಹೆಂಡತಿಗೆ ಹಾಡು ಇಷ್ಟ ಎಂದು ಹೈದರಾಬಾದಿನಿಂದ ಗ್ರಾಮಫೋನ್ ತರಿಸಿದರು. ಒಳ್ಳೆಯ ಬೆಲೆಯದು. ಅದನ್ನು ಎಲ್ಲಿಟ್ಟಿದ್ದಾರೆ? ಪಡಸಾಲೆಯಲ್ಲಿ, ಬಂದವರಿಗೆ ಕಾಣಲೆಂದು. ಹೆಂಡತಿ ಪಡಸಾಲೆಗೆ ಬರುವಂತಿಲ್ಲ. ನಮ್ಮೂರಲ್ಲಿ ಹೊಸ ಮನೆ ಕಟ್ಟಿಸಿದವರು ಓಣಿಯ ಕಡೆಯ ಕಿಟಕಿಗೆ ಇಟ್ಟಿಗೆ ಮುಚ್ಚಿಸಿ, ಗೋಡೆಗೆ ತಮ್ಮ ಹೆಸರಿನ ಹಲಗೆ ಹಾಕಿದ್ದಾರೆ. ಮನೆಯವರ ಖುಷಿಗೆಂದು ಹೇಳಿ ದುಡ್ಡು ತೆಗೆಯುತ್ತೇವೆ. ತಂದದ್ದು ಮಾತ್ರ ನೆರೆಯವರ ಕಣ್ಣಿಗೆ. ನೀವೂ ಒಮ್ಮೆ ನಿಮ್ಮ ಮನೆಯೊಳಗೆ ಸುತ್ತಾಡಿ ನೋಡಿ, ಏನಾದರೊಂದು ಸಿಕ್ಕೇ ಸಿಗುತ್ತದೆ.

ಇನ್ನು ಕಳೆದ ವಾರದ ಸಂಗತಿ. ಅದು ನಡೆಯದಿದ್ದರೆ ಇದನ್ನೆಲ್ಲ ನಾನು ಬರೆಯುತ್ತಲೂ ಇರಲಿಲ್ಲ.

ಎಳ್ಳಮಾಸಿ ಹಬ್ಬಕ್ಕೆಂದು ಮಸ್ಕಿಗೆ ಹೋಗಿದ್ದೆವು. ಹೊಲಕ್ಕೆ ಒಯ್ಯುವ ಬುತ್ತಿಗೆ ಹಿಂದಿನ ದಿನವೇ ಸಜ್ಜಿ ರೊಟ್ಟಿ ಬಡಿಯುತ್ತಾರಲ್ಲ, ಅಡುಗೆಮನೆಯಲ್ಲಿ ಐದಾರು ಹೆಂಗಸರು ಸೇರಿದ್ದರು. ನಾನು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕಾಗದ ಓದುತ್ತಿದ್ದೆ. ಒಳಗಿನ ಮಾತು ಚೆನ್ನಾಗಿ ಕೇಳುತ್ತಿತ್ತು. ನೀಲಮ್ಮ ಆಗಬೋಟಿನ ಸುದ್ದಿ ಹೇಳುತ್ತಿದ್ದಳು. ಕನ್ನಡಿ ಹೀಗಿತ್ತು, ಗುಂಡಿ ಒತ್ತಿದರೆ ಬೆಳಕು, ಇನ್ನೊಂದು ಒತ್ತಿದರೆ ಗಾಳಿ, ಮಂಚದ ಮೇಲೆ ಮೂರು ಹಾಸಿಗೆ. ಹೆಂಗಸರು “ಅಯ್ ಯವ್ವಾ!” ಅನ್ನುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಿಗ್ಗಾಯಿತು. ಹೇಗಾದರಾಗಲಿ, ಅವಳಿಗೆ ಖುಷಿಯಾಗಿದೆಯಲ್ಲ ಎಂದುಕೊಂಡೆ.

ಆಗ ಅವಳ ಚಿಗವ್ವ ಕೇಳಿದರು. ಹಣ್ಣಾದ ಮುದುಕಿ, ಮಸ್ಕಿ ಬಿಟ್ಟು ಕದಲಿದವರಲ್ಲ.

“ಅದೆಲ್ಲಾ ಇರ್ಲಿ ಬಿಡಬೇ. ಸಮುದ್ರ ಎಷ್ಟು ದೊಡ್ಡದೈತಿ, ಅದನ್ನ ಹೇಳು.”

ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಬಗ್ಗಿ ಬಾಗಿಲಿನಿಂದ ನೋಡಿದೆ. ನೀಲಮ್ಮ ಹಿಟ್ಟು ಹತ್ತಿದ ಬಲಗೈಯನ್ನು ಮುಂದೆ ಚಾಚಿದಳು. ಎಡಗೈಯಿಂದ ಮೊಣಕೈ ಮುಟ್ಟಿ, ಬೆರಳ ತುದಿ ಮುಟ್ಟಿ ತೋರಿಸಿದಳು. ಒಂದು ಮೊಳ.

“ಇಷ್ಟು.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. “ಮುದುಕಿ ಅಂತ ನನ್ನ ಆಡಸ್ತಿಯೇನಬೇ?” ಎಂದು ಚಿಗವ್ವ ಹುಸಿಸಿಟ್ಟಿನಿಂದ ಹೊಡೆಯಲು ಕೈಯೆತ್ತಿದರು.

“ಇಲ್ಲಬೇ ಚಿಗವ್ವ, ನಿನ್ನಾಣಿ. ದೋಣ್ಯಾಗ ಕುಂತಾಗ ಛತ್ರಿ ಕೆಳಗ ಇಷ್ಟು ಕಂಡಿತ್ತು. ಹಸುರು ಇತ್ತು. ಭಾಳ ಚಲೋ ಇತ್ತು.”

ನಗು ನಿಂತಿತು. ಸ್ವಲ್ಪ ಹೊತ್ತಿಗೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ನನ್ನ ಕೈಯಲ್ಲಿದ್ದ ಕಾಗದದ ಅಕ್ಷರ ಕಾಣಲಿಲ್ಲ. ಕಣ್ಣು ತುಂಬಿತ್ತು. ಎಂಥೆಂಥ ಸಾಕ್ಷಿಗಳನ್ನು ಮುರಿದಿದ್ದೇನೆ. ಇದರ ಮುಂದೆ ಒಂದು ಸವಾಲೂ ಹೊಳೆಯಲಿಲ್ಲ. ನನ್ನನ್ನು ಬೈದಿದ್ದರೆ, ದೂರಿದ್ದರೆ, ಜಗಳ ಮಾಡಿ ಗೆಲ್ಲುತ್ತಿದ್ದೆನೇನೋ. ಅವಳು ಚಲೋ ಇತ್ತು ಅಂದಳು. ಹದಿನಾರು ವರ್ಷ ಕಾದು, ಸಿಕ್ಕ ಒಂದು ಮೊಳವನ್ನು ಚಲೋ ಇತ್ತು ಅಂದಳು.

ಮಂದಿ ಹೋದ ಮೇಲೆ ಅಡುಗೆಮನೆಗೆ ಹೋದೆ. ಅವಳು ರೊಟ್ಟಿಗಳನ್ನು ಎಣಿಸಿ ಬುಟ್ಟಿಗೆ ಹಾಕುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ: “ನಂದು ತಪ್ಪಾತು ನೀಲಮ್ಮಾ. ಬರೂ ವರ್ಷ ಮತ್ತ ಹೋಗೂಣು. ಡೆಕ್ಕಿನ ಮ್ಯಾಲೆ ಕೂಡೂಣು. ಛತ್ರಿ ಒಯ್ಯೂದಿಲ್ಲ.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಯಾಕ್ರಿ, ನಿಮಗ ನೋಡೂದು ಇನ್ನಾ ಉಳದೈತೇನು?”